ಹೆಸರು ಹೂ ಬಿಟ್ಟಾಗಲೇ ಜರ್ನಲ್ ತೆರೆಯಿರಿ

ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಾಗ ಧಾರವಾಡ ಜಿಲ್ಲೆಯ ಗುಡಗೇರಿಯಂಥ ಊರಿನಲ್ಲಿ ಜೀವಶಾಸ್ತ್ರ ಓದುವ ಹುಡುಗರ ಕೈಗೆ ಸಿಗುವ ಹೂ ಒಂದೇ, ದಾಸವಾಳ. ಯಾರದೋ ಹಿತ್ತಲಿನಿಂದ ನಾಲ್ಕು ಕಿತ್ತು ತಂದು, ಬ್ಲೇಡಿನಿಂದ ಸೀಳಿ, ಚಿತ್ರ ಬರೆದು ಮುಗಿಸುತ್ತಾರೆ. ಅದೇ ಹುಡುಗರು ಜುಲೈ ತಿಂಗಳಿನಲ್ಲಿ ಅವ್ವನ ಜತೆ ಹೆಸರಿನ ಹೊಲದಲ್ಲಿ ಕಸ ತೆಗೆದಿರುತ್ತಾರೆ. ಸೆಪ್ಟೆಂಬರಿನಲ್ಲಿ ಮೆಣಸಿನ ಸಾಲುಗಳ ನಡುವೆ ಓಡಾಡಿರುತ್ತಾರೆ. ಮನೆಯ ಅಟ್ಟದ ಮೇಲೆ ಉಳ್ಳಾಗಡ್ಡಿ ಬಿದ್ದಿರುತ್ತದೆ. ಸಸ್ಯ ಕುಟುಂಬಗಳ ಪಾಠದಲ್ಲಿ ಬಹುಕಾಲದಿಂದ ಜತೆಯಾಗಿಯೇ ಬರುತ್ತಿದ್ದ ಮೂರು ಹೆಸರುಗಳು ಸೊಲನೇಸಿ, ಫ್ಯಾಬೇಸಿ, ಲಿಲಿಯೇಸಿ. ಮೆಣಸಿನಕಾಯಿ ಮೊದಲನೆಯದಕ್ಕೆ ಸೇರುತ್ತದೆ, ಹೆಸರು ಮತ್ತು ಶೇಂಗಾ ಎರಡನೆಯದಕ್ಕೆ, ಉಳ್ಳಾಗಡ್ಡಿ ಮೂರನೆಯದಕ್ಕೆ. ಕುಂದಗೋಳ ತಾಲೂಕಿನ ಎರೆ ಹೊಲದಲ್ಲಿ ಬೆಳೆಯುವುದೇ ಇವು.

ಹಾಗಾದರೆ ಕೊರತೆ ಎಲ್ಲಿದೆ? ಪ್ರಯೋಗಾಲಯ ಇಲ್ಲ ಎನ್ನುವುದು ಅರ್ಧ ಉತ್ತರ. ಪ್ರಯೋಗಗಳ ಪಟ್ಟಿಯನ್ನು ನಾವು ಪುಸ್ತಕದ ಅಧ್ಯಾಯದ ಪ್ರಕಾರ ಮಾಡುತ್ತೇವೆ, ಬೆಳೆ ಮಾತ್ರ ಮಳೆಯ ಪ್ರಕಾರ ಹೂ ಬಿಡುತ್ತದೆ ಎನ್ನುವುದು ಉಳಿದರ್ಧ. ಮನೆಯಲ್ಲೇ ಓದುವವರಿಗೆ ಶಾಲೆಯ ವೇಳಾಪಟ್ಟಿಯ ಹಂಗಿಲ್ಲ. ಅದೊಂದನ್ನು ಸರಿಯಾಗಿ ಬಳಸಿಕೊಂಡರೆ, ಬೀಗ ಹಾಕಿದ ಕಪಾಟಿನ ಮುಂದೆ ಕೂತು ಪ್ರಾಕ್ಟಿಕಲ್ ಬರೆದುಕೊಳ್ಳುವ ಪಟ್ಟಣದ ಹುಡುಗರಿಗಿಂತ ನೀವು ಮುಂದೆ.

ಮನೆಯಲ್ಲೇ ಓದುವವರು ಅಂದರೆ ಯಾರು? ಬೆಂಗಳೂರಿನಲ್ಲಿ ಕೆಲವು ಕುಟುಂಬಗಳು ಬೇಕೆಂದೇ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲಿ ಕಲಿಸುತ್ತವೆ. ನಮ್ಮ ಕಡೆ ಅಂಥವರು ಅಪರೂಪ. ಇಲ್ಲಿ ಹತ್ತನೇ ತರಗತಿ ಮುಗಿಸಿ ಹುಬ್ಬಳ್ಳಿಗೆ ದಿನಾ ಓಡಾಡಲು ಆಗದವರು, ಮನೆಯ ಕಷ್ಟಕ್ಕೆ ಒಂದೆರಡು ವರ್ಷ ಬಿಟ್ಟು ಮತ್ತೆ ಪುಸ್ತಕ ಹಿಡಿದವರು, ರಾಷ್ಟ್ರೀಯ ಮುಕ್ತ ಶಾಲೆಗೆ (ಎನ್‌ಐಓಎಸ್) ಹೆಸರು ಹಚ್ಚಿದವರು ಹೆಚ್ಚು. 2020ರ ಆಗಸ್ಟಿನಲ್ಲಿ ಸರ್ಕಾರ ‘ವಿದ್ಯಾಗಮ’ ಶುರು ಮಾಡಿ, ಮಾಸ್ತರರು ಗುಡಿಯ ಪೌಳಿಯಲ್ಲಿ, ಮನೆಯ ಕಟ್ಟೆಯ ಮೇಲೆ ಪಾಠ ಹೇಳಿದ್ದನ್ನು ನೆನೆಯಿರಿ. ಸಾಲಿ ಕಟ್ಟಡವಿಲ್ಲದೆಯೂ ಪಾಠ ನಡೆಯುತ್ತದೆ ಎಂದು ಆಗ ಎಲ್ಲರೂ ಕಂಡರು. ಆದರೆ ಆ ಕಟ್ಟೆಯ ಮೇಲೂ ವಿಜ್ಞಾನ ಬಹುಪಾಲು ಬಾಯಿಪಾಠವಾಗಿಯೇ ಉಳಿಯಿತು. ಎದುರಿಗೇ ಬೇವಿನ ಮರವಿತ್ತು.

ಪರೀಕ್ಷೆಯ ವಿಷಯ ಮೊದಲೇ ತಿಳಿದಿರಲಿ. ರಾಜ್ಯದ ದ್ವಿತೀಯ ಪಿಯು ಜೀವಶಾಸ್ತ್ರದಲ್ಲಿ 70 ಅಂಕ ಥಿಯರಿಗೆ, 30 ಅಂಕ ಪ್ರಾಕ್ಟಿಕಲ್‌ಗೆ. ಕಾಲೇಜಿಗೆ ಸೇರದೆ ಖಾಸಗಿಯಾಗಿ ಹೊಸದಾಗಿ ಪಿಯು ಕಟ್ಟುವವರಿಗೆ ವಿಜ್ಞಾನದ ಬಾಗಿಲು ತೆರೆದಿಲ್ಲ. ಹಾಗಾಗಿ ಮನೆಯಲ್ಲೇ ಕೂತು ಜೀವಶಾಸ್ತ್ರ ಓದಬೇಕೆನ್ನುವವರಿಗೆ ಮುಕ್ತ ಶಾಲೆಯೇ ದಾರಿ. ಅಲ್ಲಿ ಸೀನಿಯರ್ ಸೆಕೆಂಡರಿ ಜೀವಶಾಸ್ತ್ರಕ್ಕೆ 80 ಅಂಕದ ಥಿಯರಿ, 20 ಅಂಕದ ಪ್ರಾಕ್ಟಿಕಲ್. ಎರಡರಲ್ಲೂ ಬೇರೆಬೇರೆಯಾಗಿ ಪಾಸಾಗಲೇಬೇಕು. ಇಪ್ಪತ್ತೇ ಅಂಕ ಅಂತ ಉದಾಸೀನ ಮಾಡಿ ಇಡೀ ವಿಷಯ ಕಳೆದುಕೊಳ್ಳಬೇಡಿ. ಹೆಸರು ಹಚ್ಚಿದ ದಿನವೇ ಅಧ್ಯಯನ ಕೇಂದ್ರದಲ್ಲಿ ಎರಡು ಪ್ರಶ್ನೆ ಕೇಳಿ: ಪ್ರಾಕ್ಟಿಕಲ್ ತರಗತಿ ಯಾವ ತಿಂಗಳಲ್ಲಿ, ಯಾವ ಲ್ಯಾಬಿನಲ್ಲಿ?

ಒಂದು ಟ್ರಂಕಿನಷ್ಟು ಪ್ರಯೋಗಾಲಯ

ಮೆಡಿಕಲ್ ಅಂಗಡಿಯಲ್ಲಿ ಸಿಗುವುದು: ಗ್ಲಿಸರಿನ್, ಸರ್ಜಿಕಲ್ ಸ್ಪಿರಿಟ್, ಬೆಟಡಿನ್, ಸೂಜಿಯಿಲ್ಲದ ಸಿರಿಂಜು (ಅಳತೆಗೆ), ಕೈಗವಸು. ಬೆಟಡಿನ್ ಅಯೋಡಿನ್ನೇ ಆದ್ದರಿಂದ ಪಿಷ್ಟದ ಪರೀಕ್ಷೆಗೆ ಅಷ್ಟೇ ಸಾಕು. ಮೀನು ಸಾಕುವವರ ಅಂಗಡಿಯಲ್ಲಿ ಮಿಥಿಲೀನ್ ಬ್ಲೂ ಸಿಗುತ್ತದೆ. ಮೀನಿನ ರೋಗಕ್ಕೆಂದು ಮಾರುತ್ತಾರೆ, ನಿಮಗೆ ಅದು ಬಣ್ಣ ಹಿಡಿಸುವ ದ್ರವ. ಸ್ಲೈಡು, ಕವರ್ ಸ್ಲಿಪ್ಪು, ಪಿಎಚ್ ಕಾಗದ, ಸಾಫ್ರನಿನ್ ಇವಿಷ್ಟಕ್ಕೆ ಹುಬ್ಬಳ್ಳಿಯ ವೈಜ್ಞಾನಿಕ ಸಾಮಗ್ರಿ ಅಂಗಡಿಗೆ ಒಮ್ಮೆ ಹೋಗಬೇಕು. ಬ್ಲೇಡು, ಸೂಜಿ, ಬಣ್ಣದ ದಾರ, ಚಿಕ್ಕ ತೂಕದ ಯಂತ್ರ, ಅಷ್ಟೇ.

ದೊಡ್ಡ ಪ್ರಶ್ನೆ ಸೂಕ್ಷ್ಮದರ್ಶಕದ್ದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮೀರತ್ ಮೂಲದ ಮನು ಪ್ರಕಾಶ್ ಮತ್ತು ಅವರ ವಿದ್ಯಾರ್ಥಿ ಜಿಮ್ ಸೈಬುಲ್‌ಸ್ಕಿ 2014ರಲ್ಲಿ ಹೊರಜಗತ್ತಿಗೆ ತೋರಿಸಿದ ಫೋಲ್ಡ್‌ಸ್ಕೋಪ್ ಕಾಗದ ಮಡಚಿ ಮಾಡುವ ಸೂಕ್ಷ್ಮದರ್ಶಕ. ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಎರಡು ಮೈಕ್ರಾನಿನವರೆಗಿನ ವಿವರ ಕಾಣುತ್ತದೆ. ಹೊಲಕ್ಕೆ ಕಿಸೆಯಲ್ಲಿ ಒಯ್ಯಬಹುದು, ಕೆಳಗೆ ಬಿದ್ದರೂ ಒಡೆಯುವುದಿಲ್ಲ, ಮೊಬೈಲಿನ ಕ್ಯಾಮೆರಾಕ್ಕೆ ಅಂಟಿಸಿ ಫೋಟೋ ತೆಗೆಯಬಹುದು. ಆದರೆ ಇದೊಂದೇ ಸಾಕು ಎಂದು ನಾನು ಹೇಳಲಾರೆ. ಪರೀಕ್ಷೆಯ ದಿನ ನಿಮ್ಮ ಮುಂದಿರುವುದು ತಿರುಪು ತಿರುವಿ ಫೋಕಸ್ ಮಾಡುವ ಲ್ಯಾಬಿನ ಸೂಕ್ಷ್ಮದರ್ಶಕ. ಅದರ ಮೇಲೂ ಕೈ ಪಳಗಬೇಕು. ಊರಿನ ನಾಲ್ಕೈದು ಮನೆಯವರು ಕೂಡಿ ವಿದ್ಯಾರ್ಥಿಗಳ ಮಟ್ಟದ ಒಂದನ್ನು ಕೊಂಡರೆ ಯಾರಿಗೂ ಭಾರವಾಗದು.

ಕೊಂಡ ದಿನ ಮಾಡಬೇಕಾದ ಮೊದಲ ಕೆಲಸ, ಪ್ಲಾಸ್ಟಿಕ್ ಸ್ಕೇಲನ್ನು ಮಸೂರದ ಕೆಳಗಿಟ್ಟು ನೋಟದ ವೃತ್ತ ಎಷ್ಟು ಅಗಲ ಎಂದು ಅಳೆಯುವುದು. ಸಾಧಾರಣ ಯಂತ್ರದಲ್ಲಿ 100 ಪಟ್ಟಿಗೆ ಸುಮಾರು 1.8 ಮಿಲಿಮೀಟರ್ ಬರುತ್ತದೆ, 400 ಪಟ್ಟಿಗೆ ಅದರ ಕಾಲುಭಾಗ. ಉಳ್ಳಾಗಡ್ಡಿ ಪೊರೆಯ ಆರು ಕೋಶಗಳು ಆ 1.8ರಲ್ಲಿ ಉದ್ದುದ್ದಕ್ಕೆ ಹಿಡಿದವು ಅಂದರೆ ಒಂದೊಂದು ಕೋಶ 0.3 ಮಿಲಿಮೀಟರ್. ಅಂಗಡಿಯಿಂದ ತಂದ ಸ್ಕೇಲಿನಿಂದ ಕೋಶವನ್ನೇ ಅಳೆದ ಹಾಗಾಯಿತು. ಜರ್ನಲಿನಲ್ಲಿ ಇಂಥದ್ದೊಂದು ಲೆಕ್ಕ ಕಂಡರೆ, ಹುಡುಗ ಚಿತ್ರವನ್ನು ಪುಸ್ತಕ ನೋಡಿ ಇಳಿಸಿಲ್ಲ ಎಂದು ಪರೀಕ್ಷಕರಿಗೆ ತಾನಾಗಿಯೇ ಗೊತ್ತಾಗುತ್ತದೆ.

ಮಿರಗದಿಂದ ಶುರು

ಮಿರಗದ (ಮೃಗಶಿರಾ) ಮಳೆಗೆ ಬಿತ್ತಿದ ಹೆಸರು ಐದಾರು ವಾರಕ್ಕೆ, ಅಂದರೆ ಜುಲೈ ನಡುವಿಗೆ ಹೂ ಬಿಡುತ್ತದೆ. ಆ ಹೊತ್ತಿಗೆ ಒಂದೇ ಗಿಡದಲ್ಲಿ ಎರಡು ಪ್ರಯೋಗ.

ಗಿಡವನ್ನು ಹಿಡಿದು ಎಳೆಯಬೇಡಿ. ಸುತ್ತ ಒಂದು ಗೇಣು ಬಿಟ್ಟು ಕುರ್ಪಿಯಿಂದ ಮಣ್ಣು ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅರ್ಧ ತಾಸು ನೆನೆಯಿಡಿ. ಎರೆ ಮಣ್ಣು ಬೇರನ್ನು ಸುಲಭಕ್ಕೆ ಬಿಡುವುದಿಲ್ಲ, ಅವಸರ ಮಾಡಿದರೆ ಗಂಟುಗಳೆಲ್ಲ ಮಣ್ಣಿನ ಜತೆಗೇ ಹೋಗುತ್ತವೆ. ಬೇರಿಗೆ ಅಂಟಿದ ದುಂಡನೆಯ ಗಂಟುಗಳನ್ನು ಎಣಿಸಿ, ದೊಡ್ಡವನ್ನು ಆರಿಸಿ ಬ್ಲೇಡಿನಿಂದ ಕೊಯ್ಯಿರಿ. ಒಳಗೆ ಗುಲಾಬಿಯೋ ಕೆಂಪೋ ಇದ್ದರೆ ಗಂಟು ಕೆಲಸ ಮಾಡುತ್ತಿದೆ. ಬೂದು ಅಥವಾ ಹಸಿರು ಬಣ್ಣವಿದ್ದರೆ ಇನ್ನೂ ಎಳೆಯದು, ಇಲ್ಲವೇ ಅದರ ಕಾಲ ಮುಗಿದಿದೆ. ಆ ಕೆಂಪು ಲೆಗ್‌ಹಿಮೋಗ್ಲೋಬಿನ್ನಿನದು, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ದಾಯಾದಿ. ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಅದು ಕೆಡುತ್ತದೆ, ಹಾಗಾಗಿ ಈ ಕೆಂಪು ವಸ್ತು ಆಮ್ಲಜನಕವನ್ನು ಹಿಡಿದು ಹದದಲ್ಲಿಡುತ್ತದೆ. ಹತ್ತಿ ಗಿಡದ ಬೇರನ್ನೂ ಇದೇ ರೀತಿ ತೊಳೆದು ನೋಡಿ, ಗಂಟು ಸಿಗುವುದಿಲ್ಲ. ‘ಹೆಸರು ಕಿತ್ತ ಹೊಲದಾಗ ಹಿಂಗಾರಿ ಜೋಳ ಚಲೋ ಬರತೈತಿ’ ಎಂದು ಮನೆಯ ಹಿರಿಯರು ಹೇಳುವುದಕ್ಕೆ ಒಂದು ಕಾರಣ ಆ ಗಂಟಿನೊಳಗಿದೆ.

ಎರಡನೆಯದು ಹೂವಿನದು. ಹೆಸರಿನ ಹೂವಿನಲ್ಲಿ ಮೇಲೆ ಒಂದು ಅಗಲ ದಳ, ಅಕ್ಕಪಕ್ಕ ಎರಡು ರೆಕ್ಕೆ, ಒಳಗೆ ಕೂಡಿಕೊಂಡ ಎರಡು ದಳಗಳ ದೋಣಿ. ಹೆಸರಿನಲ್ಲಿ ಆ ದೋಣಿ ತಿರುಚಿಕೊಂಡಿರುತ್ತದೆ. ಪುಸ್ತಕದ ಬಟಾಣಿ ಹೂವಿನ ಚಿತ್ರ ಹಿಡಿದು ಹೊರಟವರು ಇಲ್ಲಿ ಗಲಿಬಿಲಿಯಾಗುತ್ತಾರೆ. ಸೂಜಿಯಿಂದ ಬಿಡಿಸಿದರೆ ಹತ್ತು ಕೇಸರಗಳಲ್ಲಿ ಒಂಬತ್ತು ಒಟ್ಟಿಗೆ, ಒಂದು ಬೇರೆ. ಅದೇ ಕುಟುಂಬದ ಶೇಂಗಾದಲ್ಲಿ ಕೇಸರಗಳೆಲ್ಲ ಬುಡದಲ್ಲಿ ಒಂದೇ ಕೊಳವೆಯಾಗಿ ಕೂಡಿರುತ್ತವೆ. ಎರಡನ್ನೂ ಪಕ್ಕಪಕ್ಕ ಬರೆಯಿರಿ.

ಮೆಣಸಿನ ಹೂ ಸೆಪ್ಟೆಂಬರ್-ಅಕ್ಟೋಬರಿಗೆ. ಪುಸ್ತಕ ಐದು ದಳ ಅನ್ನುತ್ತದೆ. ಇಪ್ಪತ್ತು ಹೂ ಎಣಿಸಿ ನೋಡಿ, ಆರು ದಳದವೂ ಸಿಗುತ್ತವೆ. ‘ತಪ್ಪಾಯಿತೇನೋ’ ಎಂದು ಆರನ್ನು ಅಳಿಸಿ ಐದು ಮಾಡುವವರಿದ್ದಾರೆ, ಅದು ಜೀವಶಾಸ್ತ್ರದಲ್ಲಿ ಮಾಡಬಾರದ ಒಂದೇ ಪಾಪ. ಎಷ್ಟು ಹೂವಿನಲ್ಲಿ ಐದು, ಎಷ್ಟರಲ್ಲಿ ಆರು ಎಂದು ಕೋಷ್ಟಕ ಹಾಕಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿ ನಿಮ್ಮ ಹೊಲದಲ್ಲೇ ಇದ್ದರೆ ಇನ್ನೊಂದು ಸಣ್ಣ ಕೆಲಸ ಮಾಡಬಹುದು. ಒಣಗಿದ ಕಾಯಿಯ ಪುಡಿಯನ್ನು ಒಂದು ಲೋಟ ನೀರಿನಲ್ಲಿ, ಇನ್ನೊಂದು ಲೋಟ ಎಣ್ಣೆಯಲ್ಲಿ ಕಲಕಿ ಇಡಿ. ಕೆಂಪು ಎಲ್ಲಿ ಇಳಿಯಿತು? ಕ್ಯಾರೊಟಿನಾಯ್ಡ್ ಬಣ್ಣ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗದು. ಒಗ್ಗರಣೆ ಹಾಕುವವರಿಗೆ ಇದು ಹೊಸ ಸಂಗತಿಯೇನಲ್ಲ.

ಉಳ್ಳಾಗಡ್ಡಿ ಹೂ ಮಾತ್ರ ಕಾಯಿಸುತ್ತದೆ. ಬೀಜಕ್ಕೆಂದು ಗಡ್ಡೆ ಊರಿದವರ ಹೊಲದಲ್ಲಿ ಜನವರಿ-ಫೆಬ್ರವರಿಗೆ ಬಿಳಿ ಚೆಂಡಿನಂತೆ ಹೂ ಬರುತ್ತದೆ. ಎಲ್ಲರೂ ಬೀಜ ಬೆಳೆಯುವುದಿಲ್ಲವಾದ್ದರಿಂದ ದೀಪಾವಳಿ ಹೊತ್ತಿಗೇ ನಾಲ್ಕು ಗಡ್ಡೆಗಳನ್ನು ಹಿತ್ತಲಲ್ಲಿ ಊರಿಡಿ. ಇತ್ತೀಚಿನ ವರ್ಗೀಕರಣ ಉಳ್ಳಾಗಡ್ಡಿಯನ್ನು ಲಿಲಿಯೇಸಿಯಿಂದ ತೆಗೆದು ಅಮರಿಲ್ಲಿಡೇಸಿಗೆ ಸೇರಿಸಿದೆ. ಪರೀಕ್ಷೆಯಲ್ಲಿ ನಿಮ್ಮ ಪುಸ್ತಕದ ಹೆಸರನ್ನೇ ಬರೆಯಿರಿ. ವೈವಾದಲ್ಲಿ ಕೇಳಿದರೆ ಹೊಸದನ್ನೂ ಹೇಳಿ.

ಮಳೆಗಾಲದಲ್ಲೇ ಮುಗಿಸಬೇಕಾದ ಇನ್ನೊಂದು ಕೆಲಸ ಬದುವಿನ ಮೇಲಿನ ಕಸದ ಎಣಿಕೆ. ನಾಲ್ಕು ಗೂಟ, ಹುರಿ, ಒಂದು ಮೀಟರಿನ ಚೌಕ. ಹತ್ತು ಕಡೆ ಹಾಕಿ, ಪ್ರತಿ ಚೌಕದಲ್ಲಿ ಕಾಂಗ್ರೆಸ್ ಕಸ ಎಷ್ಟು, ತುಂಬಿ ಎಷ್ಟು, ಉತ್ತರಾಣಿ ಎಷ್ಟು ಎಂದು ಬರೆಯಿರಿ. ಒಟ್ಟು ಗಿಡಗಳನ್ನು ಚೌಕಗಳ ಸಂಖ್ಯೆಯಿಂದ ಭಾಗಿಸಿದರೆ ಸಾಂದ್ರತೆ. ಹತ್ತರಲ್ಲಿ ಎಷ್ಟು ಚೌಕಗಳಲ್ಲಿ ಆ ಗಿಡ ಕಂಡಿತೋ ಅದರ ಶೇಕಡಾವಾರು ಲೆಕ್ಕ ಆವೃತ್ತಿ. ಕರಿಕೆಯನ್ನು ಎಣಿಸಲು ಹೋಗಬೇಡಿ, ಎಲ್ಲಿ ಒಂದು ಗಿಡ ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ದೇವರಿಗೇ ಗೊತ್ತು. ಚೌಕದ ಎಷ್ಟು ಭಾಗ ಮುಚ್ಚಿದೆ ಎಂದಷ್ಟೇ ಅಂದಾಜು ಮಾಡಿ. ಗೂಟವನ್ನು ಬೇಕಾದಲ್ಲಿ ಆರಿಸಿ ಹೂಡದೆ, ಕಲ್ಲು ಎಸೆದು ಬಿದ್ದ ಕಡೆ ಹೂಡಿ. ‘ಕಸಾ ಎಣಿಸಾಕ ಪುಸ್ತಕಾ ಯಾಕ ಬೇಕವ್ವಾ, ಕಿತ್ತ ಒಗದ್ರ ಆತು’ ಎಂದು ಬದುವಿನ ಮೇಲೆ ಕೂತ ಅಜ್ಜಿ ನಗಬಹುದು. ನಗಲಿ. ಯಾವ ಕಸ ಯಾವ ಮಳೆಗೆ ಏಳುತ್ತದೆ ಎಂದು ಅವರನ್ನೇ ಕೇಳಿ ಬರೆದುಕೊಳ್ಳಿ, ನಿಮ್ಮ ಕೋಷ್ಟಕಕ್ಕೆ ಒಂದು ಸಾಲು ಹೆಚ್ಚು.

ಹೊರಗೆ ಹೋಗಿ ಗಿಡ ನೋಡುವುದು ಹೇಗೆಂದು ಕನ್ನಡದಲ್ಲೇ ಓದಬೇಕೆನಿಸಿದರೆ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇದೆ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡ ಹುಡುಕಿ ಹೋದ ಸಸ್ಯಶಾಸ್ತ್ರಜ್ಞರ ಪುಸ್ತಕ, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಜರ್ನಲ್ ಬರೆಯುವವರು ಓದಿದರೆ ಕೈ ಹಗುರಾಗುತ್ತದೆ.

ಹತ್ತಿ ಹೊಲದ ಪಾಠ

ಪಿಯು ಪುಸ್ತಕದಲ್ಲಿ ಕೃತಕ ಪರಾಗಸ್ಪರ್ಶದ ಬಗ್ಗೆ ಒಂದು ಪುಟ ಇದೆ. ಮೊಗ್ಗಿನಲ್ಲೇ ಕೇಸರ ತೆಗೆಯುವುದು, ಚೀಲ ಕಟ್ಟುವುದು, ಮರುದಿನ ಬೇರೆ ಗಿಡದ ಪರಾಗ ಸವರುವುದು. ಪಟ್ಟಣದ ಹುಡುಗರು ಇದನ್ನು ಬಾಯಿಪಾಠ ಮಾಡುತ್ತಾರೆ. ಉತ್ತರ ಕರ್ನಾಟಕದ ಹತ್ತಿ ಬೀಜೋತ್ಪಾದನೆಯ ಹೊಲಗಳಲ್ಲಿ ಹೆಣ್ಣುಮಕ್ಕಳು ಇದನ್ನು ದಿನಕ್ಕೆ ನೂರಾರು ಹೂವಿಗೆ ಮಾಡುತ್ತಾರೆ. ‘ಕ್ರಾಸಿಂಗ್’ ಕೆಲಸ ಎನ್ನುತ್ತಾರೆ. ಇದೇ ಕೂಲಿಗೆಂದು ಸಾಲಿ ಬಿಟ್ಟ ಹುಡುಗಿಯರೂ ಇದ್ದಾರೆ ಎಂಬುದನ್ನು ಬರೆಯದೆ ಮುಂದೆ ಹೋಗಲಾರೆ. ಆ ಬೆರಳುಗಳಿಗೆ ಬರುವ ವಿದ್ಯೆ ಪರೀಕ್ಷೆಯ ಪ್ರಶ್ನೆಯೇ ಆಗಿದೆ. ಅದಕ್ಕೆ ಅಂಕ ಕೊಡುವವರು ಆ ಹೊಲಕ್ಕೆ ಬಂದವರಲ್ಲ, ಅಷ್ಟೇ.

ಹತ್ತಿಯ ಈ ಕ್ರಾಸಿಂಗಿನ ಇತಿಹಾಸವೂ ನಮ್ಮ ಜಿಲ್ಲೆಯದೇ. ನಮ್ಮ ಹಳೆಯ ಜಯಧರ ಹತ್ತಿ ನಾಡ ತಳಿ, 26 ಕ್ರೋಮೋಸೋಮಿನದು. ಅಮೆರಿಕದ ಕಡೆಯಿಂದ ಬಂದ ಹಿರ್ಸುಟಮ್ ಮತ್ತು ಬಾರ್ಬಡೆನ್ಸ್ ಜಾತಿಗಳಲ್ಲಿ 52. ಆ ಎರಡು ಜಾತಿಗಳನ್ನು ಕೂಡಿಸಿ ಬಿ. ಎಚ್. ಕಾತರಕಿಯವರು ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ತೆಗೆದ ‘ವರಲಕ್ಷ್ಮಿ’ 1972ರಲ್ಲಿ ಹೊರಬಂತು. ನಂತರ 1981ರಲ್ಲಿ ಡಿಸಿಎಚ್-32, ರೈತರ ಬಾಯಲ್ಲಿ ‘ಜಯಲಕ್ಷ್ಮಿ’. 26ರ ಜಯಧರವನ್ನು 52ರ ಹತ್ತಿಯೊಂದಿಗೆ ಕೂಡಿಸಿದರೆ ಬರುವ ಗಿಡ ಸಾಮಾನ್ಯವಾಗಿ ಬಂಜೆ. ಯಾಕೆ? ಮಿಯಾಸಿಸ್ ಪಾಠ ಓದುವಾಗ ಈ ಪ್ರಶ್ನೆ ಎದುರಿಗಿಟ್ಟುಕೊಳ್ಳಿ.

ಈಗ ಪ್ರಯೋಗ. ಮನೆಯ ಹೊಲದಲ್ಲಿ ಯಾವ ಹತ್ತಿ ಇದ್ದರೂ ನಡೆಯುತ್ತದೆ. ಮೂವತ್ತು ಮೊಗ್ಗು ಬೇಕು, ಮರುದಿನ ಅರಳುವಂಥವು. ಎಲೆಗವಚದಿಂದ ದಳ ಮೋಂಬತ್ತಿಯಂತೆ ಹೊರಗೆ ಇಣುಕಿರುತ್ತದೆ, ಸಂಜೆ ನೋಡಿದರೆ ಗುರುತು ಸಿಗುತ್ತದೆ. ಹತ್ತು ಮೊಗ್ಗುಗಳಿಗೆ ಬರೀ ಬಿಳಿ ದಾರ ಕಟ್ಟಿ ಬಿಡಿ. ಉಳಿದ ಇಪ್ಪತ್ತರಲ್ಲಿ ಹೆಬ್ಬೆರಳಿನ ಉಗುರಿನಿಂದ ದಳದ ಬುಡದಲ್ಲಿ ಹಗುರಾಗಿ ಗೀರಿ, ಸುತ್ತ ತಿರುವಿ, ದಳ ಮತ್ತು ಕೇಸರದ ಕೊಳವೆಯನ್ನು ಒಟ್ಟಿಗೆ ಎತ್ತಿ ತೆಗೆಯಿರಿ. ನಡುವಿನ ಶಲಾಕೆಗೆ, ಬುಡದ ಅಂಡಾಶಯಕ್ಕೆ ಗಾಯವಾಗಬಾರದು. ಮೊದಲ ನಾಲ್ಕೈದು ಖಂಡಿತ ಕೆಡುತ್ತವೆ, ಅವನ್ನು ಲೆಕ್ಕದಿಂದ ಬಿಟ್ಟು ಬೇರೆ ಮೊಗ್ಗು ಹಿಡಿಯಿರಿ, ಬಿಟ್ಟದ್ದನ್ನೂ ಬರೆದಿಡಿ. ತೆಳು ಕಾಗದದ ಚೀಲ ಹಾಕಿ ಕಟ್ಟಿ. ಹತ್ತಕ್ಕೆ ಕೆಂಪು ದಾರ, ಹತ್ತಕ್ಕೆ ನೀಲಿ ದಾರ. ಮರುದಿನ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ಬೇರೆ ಗಿಡದ ಅರಳಿದ ಹೂ ತಂದು ಕೆಂಪು ದಾರದವುಗಳ ಶಲಾಕಾಗ್ರಕ್ಕೆ ಪರಾಗ ಸವರಿ, ಚೀಲ ಮತ್ತೆ ಹಾಕಿ. ನೀಲಿ ದಾರದವನ್ನು ತೆರೆಯಲೇಬೇಡಿ.

ವಾರದೊಳಗೆ ನೀಲಿ ದಾರದವು ಒಂದೊಂದಾಗಿ ಉದುರುತ್ತವೆ. ಕೆಂಪಿನಲ್ಲಿ ಕೆಲವು ಕಾಯಿ ಕಟ್ಟುತ್ತವೆ. ಬಿಳಿಯಲ್ಲೂ ಎಲ್ಲವೂ ನಿಲ್ಲುವುದಿಲ್ಲ, ಮೋಡ ಮುಸುಕಿ ಮಳೆ ಹಿಡಿದರೆ ಹತ್ತಿ ತನ್ನಷ್ಟಕ್ಕೇ ಕಾಯಿ ಉದುರಿಸುತ್ತದೆ. ಅದಕ್ಕೇ ಒಂದೊಂದು ಹೂ ಸಾಲದು, ಹತ್ತು ಬೇಕು. ಬಿಳಿಯ ಸಾಲು ಇಲ್ಲದಿದ್ದರೆ ಕೆಂಪು ಉದುರಿದ್ದು ನಿಮ್ಮ ಕೈಯ ತಪ್ಪಿನಿಂದಲೋ ಹವೆಯಿಂದಲೋ ಗೊತ್ತೇ ಆಗುವುದಿಲ್ಲ. ‘ಕಂಟ್ರೋಲ್’ ಎಂಬ ಪದದ ಅರ್ಥ ಪುಸ್ತಕದಲ್ಲಿ ಎರಡು ಸಾಲಿದೆ. ಇಲ್ಲಿ ಅದು ಬಿಳಿ ದಾರ.

ಒಂದು ಎಚ್ಚರಿಕೆ. ಹತ್ತಿ, ಮೆಣಸಿನಕಾಯಿ ಎರಡಕ್ಕೂ ಎಣ್ಣಿ (ಕೀಟನಾಶಕ) ಹೊಡೆಯುವುದು ಹೆಚ್ಚು. ಯಾವತ್ತು ಹೊಡೆದರು ಎಂದು ಕೇಳದೆ ಹೊಲಕ್ಕೆ ಇಳಿಯಬೇಡಿ, ವಾರವಾದರೂ ಹೋಗಲಿ. ಕೈ ತೊಳೆಯದೆ ಕಣ್ಣು ಮುಟ್ಟಬೇಡಿ. ಖಾಲಿ ಎಣ್ಣಿ ಡಬ್ಬಿ ಎಷ್ಟೇ ತೊಳೆದರೂ ಪ್ರಯೋಗದ ಪಾತ್ರೆಯಾಗದು.

ಅಡಿಗೆಮನೆ, ನೀರಿನ ಬ್ಯಾರಲ್ಲು

ಪ್ಲಾಸ್ಮಾಲಿಸಿಸ್ ತೋರಿಸಲು ಲ್ಯಾಬ್ ಕೈಪಿಡಿಗಳು ರಿಯೋ ಎಂಬ ಅಲಂಕಾರದ ಗಿಡದ ಎಲೆ ಕೇಳುತ್ತವೆ. ಅದನ್ನು ಹುಡುಕಿ ನರ್ಸರಿಗೆ ಹೋಗಬೇಡಿ, ಕೆಂಪು ಉಳ್ಳಾಗಡ್ಡಿ ಇದೆ. ಒಣ ಸಿಪ್ಪೆಯ ಒಳಗಿನ ಮೊದಲ ರಸವತ್ತಾದ ಪದರದ ಹೊರಮೈಯಿಂದ ನೇರಳೆ ಪೊರೆ ಎತ್ತಿ. ಬಣ್ಣ ಕೋಶದಲ್ಲೇ ಇರುವುದರಿಂದ ಬೇರೆ ಬಣ್ಣ ಹಾಕುವ ಕೆಲಸವಿಲ್ಲ. ನೀರಿನ ಹನಿಯಲ್ಲಿ ಮೊದಲು ನೋಡಿ. ಆಮೇಲೆ 100 ಮಿಲಿ ನೀರಿಗೆ 10 ಗ್ರಾಂ ಉಪ್ಪು ಬೆರೆಸಿದ ದ್ರಾವಣವನ್ನು ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಬಿಟ್ಟು, ಇನ್ನೊಂದು ಅಂಚಿನಿಂದ ಕಾಗದದ ತುಂಡಿನಿಂದ ಹೀರಿ. ಕೆಲವೇ ನಿಮಿಷದಲ್ಲಿ ನೇರಳೆ ಭಾಗ ಗೋಡೆ ಬಿಟ್ಟು ಮುದುರಿಕೊಳ್ಳುತ್ತದೆ. ಮತ್ತೆ ಬರೀ ನೀರು ಕೊಟ್ಟರೆ ಬಹಳಷ್ಟು ಕೋಶಗಳು ಹಿಗ್ಗುತ್ತವೆ. ಉಪ್ಪು ಎಷ್ಟಿದ್ದರೆ ಅರ್ಧದಷ್ಟು ಕೋಶಗಳು ಮಾತ್ರ ಮುದುರುತ್ತವೆ ಎಂದು 1, 2, 3, 4 ಗ್ರಾಂ ಹಾಕಿ ಪತ್ತೆ ಹಚ್ಚುವುದು ಒಂದು ಇಡೀ ಮಧ್ಯಾಹ್ನದ ಕೆಲಸ. ಉಪ್ಪಿನಕಾಯಿಗೆ ಉಪ್ಪು ಹಾಕಿದಾಗ ನೀರು ಬಿಡುವುದೂ ಇದೇ.

ಎಲೆಯ ರಂಧ್ರ ನೋಡಲು ಬಣ್ಣವಿಲ್ಲದ ನೇಲ್ ಪಾಲಿಶ್ ಸಾಕು. ಮೆಣಸಿನ ಎಲೆಯ ಮೇಲ್ಮೈಗೂ ಕೆಳಮೈಗೂ ಹಚ್ಚಿ, ಒಣಗಿದ ಮೇಲೆ ಅಂಟುಪಟ್ಟಿಯಿಂದ ಕಿತ್ತು ಸ್ಲೈಡಿಗೆ ಅಂಟಿಸಿ ಎಣಿಸಿ. ಜೋಳದ ಎಲೆಯಲ್ಲಿ ಕಾವಲು ಕೋಶಗಳು ಡಂಬೆಲ್ಲಿನಂತೆ, ಮೆಣಸಿನದರಲ್ಲಿ ಮೂತ್ರಪಿಂಡದಂತೆ. ಜೊಲ್ಲಿನ ಅಮೈಲೇಸಿಗೆ ತೆಳು ಗಂಜಿ, ಬೆಟಡಿನ್, ಮೂರು ಬಟ್ಟಲು (ತಣ್ಣೀರು, ಮೈಬಿಸಿ ನೀರು, ಕುದಿಸಿದ ಜೊಲ್ಲು) ಸಾಕು. ಎರಡೆರಡು ನಿಮಿಷಕ್ಕೆ ಒಂದು ಹನಿ ತೆಗೆದು ಬಿಳಿ ತಟ್ಟೆಯ ಮೇಲೆ ಪರೀಕ್ಷಿಸಿ, ನೀಲಿ ಬರುವುದು ನಿಂತ ಹೊತ್ತು ಬರೆಯಿರಿ. ಬಾಳೆಹಣ್ಣಿನ ಡಿಎನ್‌ಎ ತೆಗೆಯುವ ವಿಡಿಯೋಗಳನ್ನು ಎಲ್ಲರೂ ನೋಡಿರುತ್ತೀರಿ. ಪಾತ್ರೆ ತೊಳೆಯುವ ಸೋಪು, ಉಪ್ಪು, ಫ್ರಿಜ್ಜಿನಲ್ಲಿಟ್ಟ ಸ್ಪಿರಿಟ್. ಮಾಡಿ, ಆದರೆ ಮೇಲೆ ತೇಲುವ ಬಿಳಿ ನೂಲೆಲ್ಲ ಡಿಎನ್‌ಎ ಅಲ್ಲ, ಪೆಕ್ಟಿನ್ನೂ ಪ್ರೋಟೀನೂ ಅದರಲ್ಲಿ ಬೆರೆತಿವೆ ಎಂದು ಜರ್ನಲಿನಲ್ಲಿ ಬರೆಯಿರಿ. ವಿಡಿಯೋದವರು ಇದನ್ನು ಹೇಳುವುದಿಲ್ಲ.

ನಲ್ಲಿ ನೀರು ದಿನಾ ಬಾರದ ಊರಿನಲ್ಲಿ ಎಲ್ಲರ ಮನೆ ಮುಂದೆ ಬ್ಯಾರಲ್ಲು ಇರುತ್ತದೆ, ಬ್ಯಾರಲ್ಲಿನಲ್ಲಿ ಸೊಳ್ಳೆಯ ಮರಿಹುಳು. ಅಗಲ ಬಾಯಿಯ ಬಾಟಲಿಗೆ ಹತ್ತು ಮರಿಗಳನ್ನು ಹಾಕಿ, ಬಾಯಿಗೆ ತೆಳು ಬಟ್ಟೆ ಬಿಗಿದು ದಿನಾ ನೋಡಿ. ತಲೆ ಕೆಳಗಾಗಿ, ನೀರಿನ ಮೇಲ್ಮೈಗೆ ಓರೆಯಾಗಿ ಬಾಲದ ಕೊಳವೆಯಿಂದ ಜೋತುಬಿದ್ದರೆ ಈಡಿಸ್ ಅಥವಾ ಕ್ಯುಲೆಕ್ಸ್. ಮೇಲ್ಮೈಗೆ ಸಮನಾಗಿ ಮಲಗಿದರೆ ಅನಾಫಿಲಿಸ್. ಬೆಚ್ಚನೆಯ ದಿನಗಳಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಸಾಕು. ಆಶಾ ಕಾರ್ಯಕರ್ತೆ ಬಂದು ‘ವಾರಕ್ಕೊಮ್ಮೆ ಬ್ಯಾರಲ್ ಒಣಗಸ್ರಿ’ ಎನ್ನುವುದರ ಲೆಕ್ಕ ಇದೇ. ಕೋಶಾವಸ್ಥೆ ಬಂದ ಕೂಡಲೇ ಚಿತ್ರ ಮುಗಿಸಿ, ನೀರನ್ನು ಒಣ ನೆಲಕ್ಕೆ ಚೆಲ್ಲಿ. ಸೊಳ್ಳೆ ಸಾಕಿದವರು ಎಂಬ ಹೆಸರು ಬೇಡ.

ಜೋಳದ ಕಣಕಿಯ ನಾಲ್ಕು ತುಂಡು ಕುದಿಸಿ ಆರಿಸಿ, ಕೆರೆಯ ನೀರು ಒಂದು ಲೋಟ ಬೆರೆಸಿ ನೆರಳಲ್ಲಿಡಿ. ಮೂರನೇ ದಿನ ಮೇಲೆ ಕೆನೆ ಕಟ್ಟುತ್ತದೆ, ವಾರದ ಹೊತ್ತಿಗೆ ಪ್ಯಾರಮೀಸಿಯಮ್ಮಿನಂಥ ಜೀವಿಗಳು ಹುಚ್ಚೆದ್ದು ಓಡಾಡುತ್ತವೆ. ಅವುಗಳ ಓಟ ತಡೆಯಲು ಕವರ್ ಸ್ಲಿಪ್ಪಿನ ಕೆಳಗೆ ಎರಡೆಳೆ ಹತ್ತಿ ಇಡಿ, ಎಳೆಗಳ ಸಂದಿಯಲ್ಲಿ ಸಿಕ್ಕಿ ನಿಲ್ಲುತ್ತವೆ. ಇಂಥ ಜೀವಿಗಳನ್ನು ಮೊದಲು ಕಂಡ ಹಾಲೆಂಡಿನ ಲೇವನ್‌ಹುಕ್ ಬಟ್ಟೆ ವ್ಯಾಪಾರಿ. ಕಾಳುಮೆಣಸು ಖಾರ ಯಾಕೆ ಎಂದು ತಿಳಿಯಲು ಅದನ್ನು ನೀರಿನಲ್ಲಿ ನೆನೆಹಾಕಿ ನೋಡಿ, 1676ರ ಪತ್ರದಲ್ಲಿ ಅದರೊಳಗಿನ ಸಣ್ಣ ಜೀವಿಗಳ ಬಗ್ಗೆ ಬರೆದ. ಖಾರದ ಕಾರಣ ಸಿಗಲಿಲ್ಲ.

ಮಣ್ಣಿನ ಪ್ರಯೋಗವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕಲಘಟಗಿ ಕಡೆಯ ನೆಂಟರಿಂದ ಒಂದು ಡಬ್ಬಿ ಕೆಮ್ಮಣ್ಣು ತರಿಸಿ, ನಿಮ್ಮ ಎರೆಯ ಜತೆ ಹೋಲಿಸಿ. ತೂತಿನ ಡಬ್ಬಿಯಲ್ಲಿ ಒಣ ಮಣ್ಣು ತೂಗಿ, ನೀರು ಹಾಕಿ, ಸೋರುವುದು ನಿಂತ ಮೇಲೆ ಮತ್ತೆ ತೂಗಿ. ಹೆಚ್ಚಾದ ತೂಕವೇ ಹಿಡಿದ ನೀರು. ಎರೆಯೊಳಗಿನ ಸುಣ್ಣದ ಹರಳಿಗೆ ನಿಂಬೆರಸ ಹಿಂಡಿದರೆ ನೊರೆ ಬರುತ್ತದೆ.

ಮನೆಯಲ್ಲಿ ಎಚ್ಚರದಿಂದ ಮಾಡಬೇಕಾದವೂ, ಮಾಡಲೇಬಾರದವೂ ಇವೆ. ಎಲೆಯ ಹಸಿರು ತೆಗೆಯಲು ಸ್ಪಿರಿಟ್ ಬಿಸಿ ಮಾಡುವಾಗ ಒಲೆ ಆರಿಸಿ, ಕುದಿದ ನೀರಿನ ಪಾತ್ರೆಯೊಳಗೆ ಸ್ಪಿರಿಟ್ಟಿನ ಬಟ್ಟಲಿಡಿ. ಉರಿಯ ಮೇಲೆ ಎಂದಿಗೂ ಬೇಡ. ರಕ್ತದ ಗುಂಪು ನೋಡಲು ಮನೆಯಲ್ಲಿ ಬೆರಳು ಚುಚ್ಚಿಕೊಳ್ಳಬೇಡಿ. ಕೈಯ, ಬಚ್ಚಲಿನ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸುವ ಆಟವೂ ಬೇಡ, ಏನು ಬೆಳೆಯುತ್ತದೆ ಎಂದು ನಿಮಗೆ ಗೊತ್ತಾಗದು. ಕಪ್ಪೆ ಸೀಳುವ ಕಾಲ ಮುಗಿದಿದೆ. ಕಾಲೇಜು ಮಟ್ಟದಲ್ಲೇ ಪ್ರಾಣಿ ಛೇದನ ನಿಲ್ಲಿಸುವಂತೆ ಯುಜಿಸಿ 2014ರಲ್ಲಿ ಸೂಚಿಸಿತು. ಬ್ಯಾರಲ್ಲಿನ ಪಕ್ಕದ ಕಪ್ಪೆಯನ್ನು ಇದ್ದಲ್ಲೇ ನೋಡಿ.

ಜರ್ನಲ್ಲು, ರೈಲು

ನಮ್ಮ ಕಡೆ ರೆಕಾರ್ಡ್ ಪುಸ್ತಕಕ್ಕೆ ಜರ್ನಲ್ ಅನ್ನುವುದೇ ರೂಢಿ. ಎರಡು ಇಡಿ. ಒಂದು ಒರಟು ಪುಸ್ತಕ, ಹೊಲಕ್ಕೆ ಒಯ್ಯುವುದು, ಕೆಸರು ಮೆತ್ತಿದರೂ ನಡೆಯುತ್ತದೆ. ತಾರೀಖು, ಹೊತ್ತು, ಯಾವ ಹೊಲ, ಯಾವ ಮಳೆ, ಕಂಡದ್ದು, ಕೆಟ್ಟದ್ದು ಎಲ್ಲ ಅದರಲ್ಲಿ. ಇನ್ನೊಂದು ಪರೀಕ್ಷೆಗೆ ಒಯ್ಯುವ ಚೊಕ್ಕ ಪುಸ್ತಕ. ಚಿತ್ರಕ್ಕೆ ಚೂಪು ಪೆನ್ಸಿಲ್, ಒಂದೇ ಗೆರೆ, ನೆರಳು ತುಂಬಬೇಡಿ. ಎಷ್ಟು ಪಟ್ಟು ದೊಡ್ಡದು ಎಂದು ಕೆಳಗೆ ಬರೆಯಲೇಬೇಕು. ವೈವಾಕ್ಕೆ ಹೋಗುವಾಗ ಒರಟು ಪುಸ್ತಕವೂ ಚೀಲದಲ್ಲಿರಲಿ. ‘ಇದನ್ನು ನೀನೇ ಮಾಡಿದ್ಯೇನು?’ ಎಂದು ಕೇಳಿದರೆ ತೆಗೆದು ಮುಂದಿಡಿ.

ಊರಿನಲ್ಲಿ ಆಗದ ಕೆಲಸಗಳಿಗೆ ಲ್ಯಾಬಿಗೆ ಹೋಗಲೇಬೇಕು: ಕೋಶ ವಿಭಜನೆ, (ಊರಿನಲ್ಲಿ ಸೂಕ್ಷ್ಮದರ್ಶಕ ಕೊಳ್ಳದಿದ್ದರೆ) 400 ಪಟ್ಟಿನ ನೋಟ, ವೃಷಣ-ಅಂಡಾಶಯಗಳ ಶಾಶ್ವತ ಸ್ಲೈಡುಗಳು, ಗಾಜಿನ ಭರಣಿಯ ಮಾದರಿಗಳು. ಅಧ್ಯಯನ ಕೇಂದ್ರ ಕೊಡುವ ದಿನಗಳು ಸಾಲದಿದ್ದರೆ ಹತ್ತಿರದ ಪಿಯು ಕಾಲೇಜಿನ ಪ್ರಿನ್ಸಿಪಾಲರಿಗೆ ಪತ್ರ ಬರೆಯಿರಿ. ‘ಲ್ಯಾಬ್ ಬಳಸಲು ಬಿಡಿ’ ಎಂದು ಬರೆದರೆ ಉತ್ತರ ಬಾರದು. ‘ಇಂಥ ನಾಲ್ಕು ಪ್ರಯೋಗ, ಮೂರು ಜನ, ಎರಡು ದಿನ, ಸ್ಲೈಡು-ಬ್ಲೇಡು ನಮ್ಮವೇ’ ಎಂದು ಬರೆದು, ಮಾಡಿ ಮುಗಿಸಿದ ಜರ್ನಲ್ಲನ್ನು ಜತೆಗೆ ಒಯ್ದು ತೋರಿಸಿ. ಸೆಪ್ಟೆಂಬರಿನಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳಕ್ಕೆ ಅಪ್ಪ ಹೊರಟರೆ ನೀವೂ ಹೋಗಿ ಹತ್ತಿ ಮತ್ತು ಕೀಟಗಳ ಪ್ರದರ್ಶನದ ಮುಂದೆ ಅರ್ಧ ದಿನ ಕಳೆಯಬಹುದು. ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರವೂ ಇದೆ.

ಉಳ್ಳಾಗಡ್ಡಿ ಬೇರಿನ ಕೋಶ ವಿಭಜನೆಗೆ ಮಾತ್ರ ತಯಾರಿ ಮನೆಯಲ್ಲೇ ಆಗಬೇಕು. ಗಡ್ಡೆಯ ಒಣ ಬೇರು ಕೆರೆದು, ಬುಡ ಮಾತ್ರ ನೀರಿಗೆ ತಾಗುವಂತೆ ಲೋಟದ ಮೇಲೆ ಕೂರಿಸಿ. ನಾಲ್ಕೈದು ದಿನಕ್ಕೆ ಎರಡು-ಮೂರು ಸೆಂಟಿಮೀಟರ್ ಬೇರು ಬರುತ್ತದೆ. ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ತುದಿಯ ಒಂದು ಸೆಂಟಿಮೀಟರ್ ಕತ್ತರಿಸಿ, ಲ್ಯಾಬಿನವರಿಂದ ಮೊದಲೇ ಕೇಳಿ ತಂದಿಟ್ಟುಕೊಂಡ ದ್ರಾವಣದ ಸಣ್ಣ ಬಾಟಲಿಗೆ ಹಾಕಿ. ಒಂದು ಪಾಲು ಅಸಿಟಿಕ್ ಆಮ್ಲಕ್ಕೆ ಮೂರು ಪಾಲು ಆಲ್ಕೊಹಾಲ್ ಅದರ ಅಳತೆ, ನೀವೇ ಬೆರೆಸಲು ಹೋಗಬೇಡಿ, ಗಟ್ಟಿ ಆಮ್ಲ ಚರ್ಮ ಸುಡುತ್ತದೆ. ಒಂದು ದಿನ ಬಿಟ್ಟು ಶೇಕಡಾ 70ರ ಆಲ್ಕೊಹಾಲಿಗೆ ಬದಲಿಸಿದರೆ ದಿನಗಟ್ಟಲೆ ಇರುತ್ತದೆ. ಲ್ಯಾಬಿನಲ್ಲಿ ಆಮ್ಲದಲ್ಲಿ ಮೆದುಗೊಳಿಸಿ, ಅಸಿಟೊಕಾರ್ಮಿನ್ ಹಾಕಿ, ಹೆಬ್ಬೆರಳಿನಿಂದ ಒತ್ತಿ ಹರಡಿದರೆ, ಅದೃಷ್ಟವಿದ್ದ ಸ್ಲೈಡಿನಲ್ಲಿ ಹದಿನಾರು ಕ್ರೋಮೋಸೋಮ್ ಎಣಿಸಬಹುದು.

ಗುಡಗೇರಿ ಸ್ಟೇಷನ್ನಿನಲ್ಲಿ ಹುಬ್ಬಳ್ಳಿಯ ರೈಲು ಹತ್ತುವ ಮುನ್ನ ಬಾಟಲಿಯ ಮುಚ್ಚಳ ಇನ್ನೊಮ್ಮೆ ಬಿಗಿ ಮಾಡಿ, ಬಟ್ಟೆಯಲ್ಲಿ ಸುತ್ತಿ, ಚೀಲದಲ್ಲಿ ನೆಟ್ಟಗೆ ನಿಲ್ಲಿಸಿ. ಹೆಸರು, ತಾರೀಖು, ಬೇರು ಕತ್ತರಿಸಿದ ಹೊತ್ತು ಬರೆದ ಚೀಟಿ ಅದರ ಮೇಲಿರಲಿ. ಪೆನ್ನಿನಲ್ಲಿ ಬರೆಯಬೇಡಿ, ಪೆನ್ಸಿಲ್ಲಿನಲ್ಲಿ ಬರೆಯಿರಿ. ಆಲ್ಕೊಹಾಲ್ ತಾಗಿದರೆ ಪೆನ್ನಿನ ಶಾಯಿ ಹರಡಿ ಅಳಿಸಿಹೋಗುತ್ತದೆ.